ಎರಡನೆಯ ಗುಂಡು

ಅಜ್ಜನ ಕಾಲದ ದೊಡ್ಡ ನಳಿಗೆಯ ರೈಫಲ್ಲು ಮೊದಲ ಗುಂಡನ್ನು ಸರಿಯಾಗಿಯೇ ಹಾರಿಸುತ್ತಿತ್ತು. ಆಮೇಲೆ ತಾನಾಗಿಯೇ ಮೇಲೆ ಬರಬೇಕಾದ ಎರಡನೆಯದು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಸ್ಪ್ರಿಂಗು ಸೋತಿದೆ, ಮಡಿಕೇರಿಯಲ್ಲಿ ಹೊಸದು ಹಾಕಿಸಬೇಕು ಎಂದು ಅವನು ಹೊರಟಾಗ ತುಂಬು ಬಸುರಿ ಹೆಂಡತಿ ತಡೆದಿದ್ದಳು.

“ನಮ್ಮಲ್ಲಿ ಗಂಡು ಹುಟ್ಟಿದ್ರೆ ಊರಿಗೆ ತಿಳಿಸೋಕೆ ಹೊಡೆಯೋದು ಒಂದೇ ಗುಂಡು. ಎರಡು ಬೇಕಾಗೋದು ಸಾವಿಗೆ ತಾನೆ? ನಮಗ್ಯಾಕೆ ಅದು? ಸುಮ್ನೆ ಮನೇಲಿರಿ.”

ಅವನು ನಕ್ಕು ರೈಫಲ್ಲನ್ನು ಮತ್ತೆ ಗೋಡೆಗೆ ತೂಗುಹಾಕಿದ್ದ.

ಈಗ ಆಸ್ಪತ್ರೆಯ ವ್ಯಾನು ಅಂಗಳದಲ್ಲಿ ನಿಂತಿತ್ತು. ಅದರೊಳಗೆ ಅವಳೂ ಕಣ್ಣೇ ತೆರೆಯದ ಮಗುವೂ ಒಂದೇ ಬಿಳಿ ಬಟ್ಟೆಯಡಿ ಮಲಗಿದ್ದರು. ಅವನಿಗೆ ಅಳು ಬರಲಿಲ್ಲ. ಅಣ್ಣ ರೈಫಲ್ಲನ್ನು ತಂದು ಕೈಗೆ ಕೊಟ್ಟ.

“ಹೊಡಿ ತಮ್ಮಾ. ಊರಿಗೆ ಗೊತ್ತಾಗ್ಬೇಕಲ್ಲ.”

ಮೊದಲನೆಯದು ಹಾರಿತು, ಬೆಟ್ಟವೆಲ್ಲ ಮೊಳಗಿತು. ಎರಡನೆಯದು ಸಿಕ್ಕಿಕೊಂಡಿತು. ಅವನು ಎಳೆದ, ಬಡಿದ, ಮತ್ತೆ ಎಳೆದ. ಅಣ್ಣ ಬೇರೆ ಕೋವಿ ತರಲು ಓಡಿದ.

ಅಷ್ಟರಲ್ಲಿ ಗದ್ದೆಯ ಬದುವಿನ ಮೇಲೆ ಪಕ್ಕದ ಮನೆಯ ಅಜ್ಜಿ ಏದುಸಿರು ಬಿಡುತ್ತ ಬಂದಳು. ಗಂಡುಕೂಸಿನ ಕೈಗಿಡಲೆಂದು ಮೊದಲೇ ಮಾಡಿಟ್ಟಿದ್ದ ಹರಳುಗಿಡದ ಕಡ್ಡಿಯ ಪುಟ್ಟ ಬಿಲ್ಲು ಅವಳ ಕೈಯಲ್ಲಿತ್ತು.

“ಎಲ್ಲಿ ಮಗಾ,” ಬಾಯಿತುಂಬ ನಗುತ್ತ ಕೇಳಿದಳು, “ಎಲ್ಲಿ ನಮ್ಮ ಬೇಟೆಗಾರ?”