ಐವತ್ತೈದು ವ್ಯಾಟ್ ಸಾಕು

“ಅಂಕಲ್, ಬ್ರೇಕ್!”

ಸಿಂಧೂರ ಕಿರುಚಿದಳು. ದಾನಪ್ಪ ಬ್ರೇಕ್ ಒತ್ತಿದರು. ಕಾರು ಝೀಬ್ರಾ ಪಟ್ಟಿಯ ಅಂಚಿನಲ್ಲಿ ಜಗ್ಗಿ ನಿಂತಾಗ, ನಾಯಿಯೊಂದಿಗೆ ಬಲಗಡೆಯಿಂದ ರಸ್ತೆಗಿಳಿದಿದ್ದ ಹೆಂಗಸು ಬಾನೆಟ್ಟಿನಿಂದ ಒಂದು ಮಾರು ದೂರದಲ್ಲಿದ್ದಳು. ಅವಳು ಬೈಯಲಿಲ್ಲ. ನಾಯಿಯನ್ನು ಎತ್ತಿ ಎದೆಗವಚಿಕೊಂಡು ದಾಟಿ ಹೋದಳು.

“ದರಿದ್ರ ಹೆಡ್‌ಲೈಟ್,” ಎಂದರು ದಾನಪ್ಪ. “ಬೆಳಕ ಬೀಳವಲ್ದು. ಇವತ್ತ ನೂರು ವ್ಯಾಟಿನ ಬಲ್ಬ್ ಹಾಕಿಬಿಡ್ತೀನಿ.”

2014ರ ಡಿಸೆಂಬರ್. ಸ್ಯಾನ್ ಡಿಯಾಗೊದಲ್ಲಿ ಐದು ಗಂಟೆಗೆಲ್ಲ ಕತ್ತಲಾಗುವ ಕಾಲ. ಧಾರವಾಡ ಕಡೆಯ ದಾನಪ್ಪ ಟೆಲಿಕಾಂ ಕಂಪನಿಯೊಂದರಲ್ಲಿ ಹಿರಿಯ ಎಂಜಿನಿಯರ್. ಬೆಂಗಳೂರಿನ ಸಿಂಧೂರ ಎಂ.ಎಸ್. ಮುಗಿಸಿ ಅದೇ ಆಫೀಸಿಗೆ ಹೊಸದಾಗಿ ಸೇರಿದವಳು. ಇಬ್ಬರದೂ ಒಂದೇ ಬೀದಿ. ಅವಳಿಗೆ ಕಾರೂ ಇಲ್ಲ, ಲೈಸೆನ್ಸೂ ಇಲ್ಲ. ದಿನವೂ ಕರೆದೊಯ್ದು ಕರೆತರುವವರು ಅವರೇ. ‘ನನಗೆ ರಸ್ತೆಯೆಲ್ಲ ಚೆನ್ನಾಗಿಯೇ ಕಾಣುತ್ತಿತ್ತಲ್ಲ’ ಎಂಬ ಮಾತು ಅವಳ ಬಾಯಿಗೆ ಬಂದು ಅಲ್ಲೇ ನಿಂತಿತು.

ಮನೆ ಮುಟ್ಟಿದ್ದೇ ದಾನಪ್ಪ ಗ್ಯಾರೇಜಿನ ಕಪಾಟಿನಿಂದ ಹೊಸ ಬಲ್ಬುಗಳ ಡಬ್ಬಿ ತೆಗೆದರು. ಅವರ ಹೆಂಡತಿ ನೀರಜಾ ಚಹಾ ಹಿಡಿದು ಬಂದರು.

“ನೂರು ವ್ಯಾಟ್ ಹಾಕಿದ್ರೆ ಸಾಕೆಟ್ ಕರಗಿ ಹೋಗತ್ತೆ ಅಂಕಲ್,” ಎಂದಳು ಸಿಂಧೂರ. “ವೈರಿಂಗ್ ಇರೋದು ಐವತ್ತೈದಕ್ಕೆ. ಈಗ ಹಾಕಿರೋ ಬಲ್ಬೇ ಸಾವಿರದ ಮುನ್ನೂರು ಲುಮೆನ್ ಕೊಡತ್ತೆ, ಕಪಾಟಲ್ಲಿರೋ ಅದರ ಹಳೇ ಡಬ್ಬಿ ಮೇಲೆ ಬರ್ದಿದೆ ನೋಡಿ. ಕಮ್ಮಿ ಏನಲ್ಲ.”

“ಹಂಗಂದ್ರೇನವಾ?” ಎಂದರು ನೀರಜಾ.

ದಾನಪ್ಪನವರಿಗೆ ವಿವರಿಸುವುದೆಂದರೆ ಇಷ್ಟ. ಡಬ್ಬಿ ಕೆಳಗಿಟ್ಟು ಚಹಾ ತೆಗೆದುಕೊಂಡರು. “ವ್ಯಾಟ್ ಅಂದ್ರ ಬಲ್ಬ್ ಎಷ್ಟು ಕರೆಂಟ್ ತಿಂತೈತಿ ಅನ್ನೂದು. ಲುಮೆನ್ ಅಂದ್ರ ಎಷ್ಟು ಬೆಳಕು ಕೊಡತೈತಿ ಅನ್ನೂದು. ಹೆಚ್ಚು ತಿಂದದ್ದು ಹೆಚ್ಚು ಕೊಡತೈತಿ ಅಂತೇನಿಲ್ಲ. ನೀಲಿ ಬಣ್ಣ ಬಳದ ಬಲ್ಬ್ ಇರತಾವ, ನೋಡಾಕ ಭಾಳ ಬೆಳ್ಳಗ. ಅಷ್ಟ ತಿಂದು ಕಡಿಮಿ ಕೊಡತಾವ. ಮುಂದಿನ ಗಾಜು ಮಬ್ಬಾಗಿದ್ರ ಅದೂ ಒಂದಿಷ್ಟು ನುಂಗತೈತಿ.”

“ಗಾಜು ಹ್ವಾದ ವಾರ ನೀವ ತಿಕ್ಕಿ ತೊಳದೀರಿ,” ಎಂದರು ನೀರಜಾ. “ಅಂದ್ರ ಬಲ್ಬ್ ತಿನ್ನೂದೂ ಬರೋಬ್ಬರಿ ಐತಿ, ಕೊಡೂದೂ ಬರೋಬ್ಬರಿ ಐತಿ. ನಿಮಗ ಮುಟ್ಟೂದು ಎಷ್ಟು?”

ದಾನಪ್ಪ ಕಪ್ಪು ಕೆಳಗಿಟ್ಟು ಮತ್ತೆ ಹೊಸ ಬಲ್ಬುಗಳ ಡಬ್ಬಿಗೆ ಕೈ ಹಾಕಿದರು.

ನಾಳೆಯಿಂದ ಕಾರಿಗೆ ಹತ್ತಿಸಿಕೊಳ್ಳದಿದ್ದರೂ ಸರಿ ಎಂದುಕೊಂಡು ಸಿಂಧೂರ ಹೇಳಿಯೇಬಿಟ್ಟಳು. “ಅಂಕಲ್, ಆ ಹೆಂಗಸು ನನಗೆ ದೂರದಿಂದ್ಲೇ ಕಂಡ್ರು. ಬೆಳಕು ಅವರ ಮೇಲೆ ಬಿದ್ದಿತ್ತು. ನೀವೂ ನೋಡಿರ್ತೀರ ಅಂದ್ಕೊಂಡು ಸುಮ್ನಿದ್ದೆ.”

“ನನ್ನ ಕಣ್ಣಿಗೇನಾಗೇತಿ? ಫೋನಿನ್ಯಾಗಿನ ಸಣ್ಣ ಅಕ್ಷರ ಓದತೀನಿ ನಾ!” ದಾನಪ್ಪನವರ ದನಿ ಏರಿತು. ನೀರಜಾ ಜಗಳಕ್ಕೆ ಇಳಿಯಲಿಲ್ಲ. ಹೊಸ ಬಲ್ಬುಗಳ ಡಬ್ಬಿಯನ್ನು ಎತ್ತಿಕೊಂಡು, “ನಾಳೆ ಕಣ್ಣಿನ ಡಾಕ್ಟರ್ ಹಂತ್ಯಾಕ ಹೋಗೂಣು. ಗಾಡಿ ನಾ ಹೊಡಿತೀನಿ,” ಎಂದು ಒಳಗೆ ನಡೆದರು.

ಗ್ಲಾಕೋಮಾ ಎಂದರು ಡಾಕ್ಟರು. ನೋವಿಲ್ಲದೆ, ಸುಳಿವಿಲ್ಲದೆ ಬಲಗಣ್ಣಿನ ನರ ಬಹಳಷ್ಟು, ಎಡಗಣ್ಣಿನದು ಸ್ವಲ್ಪ ಸವೆದಿತ್ತು. ನೇರ ನೋಟ ಗಟ್ಟಿ ಇದ್ದದ್ದರಿಂದಲೇ ಓದುವಾಗ ಏನೂ ತಿಳಿದಿರಲಿಲ್ಲ. ಬಲಬದಿಯ ನೋಟ ಮಾತ್ರ ಹೋಗಿತ್ತು. ಹೋದದ್ದು ಮರಳುವುದಿಲ್ಲ, ಆದರೆ ಹನಿ ಹಾಕುತ್ತಿದ್ದರೆ ಉಳಿದದ್ದನ್ನು ಕಾಪಾಡಿಕೊಳ್ಳಬಹುದು, ಸದ್ಯ ಈಗಲಾದರೂ ಬಂದಿರಲ್ಲ ಎಂದರು. ಡ್ರೈವ್ ಮಾಡುವುದು ಮಾತ್ರ ಬೇಡ.

ಆ ವಾರವೆಲ್ಲ ಸಿಂಧೂರ ಬಸ್ಸಿನಲ್ಲಿ ಓಡಾಡಿದಳು. ಅಂಕಲ್‌ಗೆ ಸಿಟ್ಟು ಬಂದಿರಬೇಕು ಎಂದುಕೊಂಡಳು. ಶನಿವಾರ ಬಾಗಿಲು ಬಡಿದ ಸದ್ದಿಗೆ ಹೋಗಿ ನೋಡಿದರೆ, ಕಾರಿನ ಕೀಲಿಕೈ ಹಿಡಿದು ದಾನಪ್ಪ ನಿಂತಿದ್ದರು, ಹಿಂದೆ ನೀರಜಾ.

“ಗಾಡಿ ಸುಮ್ನ ನಿಂತೈತಿ. ನೀ ಕಲಿಯಾಕ ಪರ್ಮಿಟ್ ತಗೋ. ನಿಮ್ಮ ಆಂಟಿ ಕಲಸ್ತಾಳ,” ಎಂದರು. ಆಮೇಲೆ ನೆಲ ನೋಡುತ್ತ, “ಅವತ್ತು ನೀ ಬಾಯಿ ಬಿಡದಿದ್ರ ಉಳಿದ ನೋಟಾನೂ ಹೋಗತಿತ್ತವ್ವಾ,” ಎಂದರು.

ನೀರಜಾ ಪಕ್ಕದಲ್ಲಿ ಕುಳಿತು ಕಲಿಸಿದರು. ದಾನಪ್ಪ ಹಿಂದಿನ ಸೀಟಿನಿಂದ ಬೇಡದ ಸಲಹೆಗಳನ್ನೆಲ್ಲ ಕೊಟ್ಟರು. ವಸಂತದ ಹೊತ್ತಿಗೆ ಸಿಂಧೂರಳ ಕೈಗೆ ಲೈಸೆನ್ಸ್ ಬಂತು.

ಮೊದಲ ದಿನ ಸಂಜೆ ಆಫೀಸಿನಿಂದ ಅವಳೇ ಕಾರು ನಡೆಸಿಕೊಂಡು ಹೊರಟಳು. ಅಮೆರಿಕದ ಕಾರು, ಸ್ಟೇರಿಂಗ್ ಎಡಕ್ಕೆ; ಅವಳ ಬಲಪಕ್ಕದಲ್ಲಿ ದಾನಪ್ಪ. ಅಚ್ಚರಿಯೆಂಬಂತೆ ಇವತ್ತು ಒಂದೂ ಸಲಹೆಯಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಅವಳು ತಿರುಗಿ ನೋಡಿದಳು.

“ಏನಂಕಲ್, ನನ್ನೇ ನೋಡ್ತಿದೀರ? ಏನಾದ್ರೂ ತಪ್ಪು ಮಾಡಿದ್ನಾ?”

“ಇಲ್ಲವ್ವಾ,” ಎಂದು ನಕ್ಕರು ದಾನಪ್ಪ. “ಇಷ್ಟು ದಿನ ನನ್ನ ಬಲಕ್ಕ ಕೂಡತಿದ್ದಿ. ಈಗ ಎಡಕ್ಕ ಬಂದಿ. ಇವತ್ತ ನೀ ನನಗ ಪೂರಾ ಕಾಣಾಕತ್ತಿ.”