ನೀಲಾಳ ನೋವು

ಮಗಳು ನೀಲಾಳ ಕಾಲು ಮುರಿದ ದಿನವೇ ಟೇಲರ್ ಫಕೀರಪ್ಪ ಅವಳ ನೋವನ್ನು ತನ್ನ ಕಾಲಿಗೆ ವರ್ಗ ಮಾಡಿಸಿಕೊಂಡಿದ್ದ. ಗದಗಿನಲ್ಲಿ ಹೆತ್ತವರೆಲ್ಲ ಹಾಗೆಯೇ ಮಾಡುತ್ತಿದ್ದರು. ಆಸ್ಪತ್ರೆಯಲ್ಲಿ ಒಂದು ಸಹಿ, ಇಬ್ಬರ ಕಾಲಿಗೂ ಒಂದೊಂದು ಪಟ್ಟಿ, ಅಷ್ಟೇ. ಆರು ವಾರ ನೀಲಾ ಪ್ಲಾಸ್ಟರಿನ ಮೇಲೆ ಚಿತ್ರ ಬಿಡಿಸುತ್ತ ನಗುನಗುತ್ತ ಕಳೆದಳು. ಅವನು ಹಲ್ಲು ಕಚ್ಚಿಕೊಂಡು ಹೊಲಿಗೆ ಯಂತ್ರ ತುಳಿದ.

ಇವತ್ತು ಪ್ಲಾಸ್ಟರ್ ಕತ್ತರಿಸಿದ ಸಿಸ್ಟರ್, ಪಟ್ಟಿಗಳನ್ನೂ ಬಿಚ್ಚಿದಳು. ಫಕೀರಪ್ಪನ ಕಾಲು ಹಗುರಾಯಿತು. ಸಣಕಲಾದ ಕಾಲನ್ನು ನೆಲಕ್ಕೆ ಊರಿದ ನೀಲಾ ಚೀರಿದಳು.

"ಇನ್ನೊಂದೆರಡು ವಾರ ನನಗಽ ಇರಲಿ ಬಿಡ್ರಿ ಸಿಸ್ಟರ್," ಎಂದ ಫಕೀರಪ್ಪ ಗಾಬರಿಯಿಂದ.

"ನೋವು ತಿಳೀಲಿಲ್ಲಂದ್ರ ಎಷ್ಟು ಭಾರ ಹಾಕಬೇಕು ಅನ್ನೋದು ಆಕಿಗೆ ಹೆಂಗ ಗೊತ್ತಾಗಬೇಕ್ರಿ?"

ನೀಲಾ ಕಣ್ಣೊರೆಸಿಕೊಂಡಳು. "ಅಪ್ಪಾ, ನಿನಗ ಇದಕ್ಕಿಂತ ಜೋರು ಇತ್ತೇನು?"

ಫಕೀರಪ್ಪ ಸುಳ್ಳು ಹೇಳಬೇಕೆಂದುಕೊಂಡ. ಆಗಲಿಲ್ಲ. "ಹೂಂ. ಮೊದಮೊದಲು ಭಾಳ ಇತ್ತವ್ವಾ."

"ಹಂಗಾರ ಇದು ನನಗಽ ಇರಲಿ."

ಅವಳು ಗೋಡೆ ಹಿಡಿದು ಒಂದು ಹೆಜ್ಜೆ ಇಟ್ಟಳು. ಮುಖ ಕಿವುಚಿದಳು, ನಿಂತಳು, ಇನ್ನೊಂದು ಇಟ್ಟಳು. ನಾಲ್ಕನೆಯ ಹೆಜ್ಜೆಗೆ ಬಾಗಿಲು ಮುಟ್ಟಿ, ತಿರುಗಿ ನಕ್ಕಳು.

ಆರು ವಾರ ಒಮ್ಮೆಯೂ ಅಳದ ಫಕೀರಪ್ಪ ಬೆಂಚಿನ ಮೇಲೆ ಕುಳಿತು, ಎಲ್ಲರೆದುರಿಗೇ ಅತ್ತು ಹಗುರಾದ.