ಕಟಕಟೆ ಹಿಡಿದ ಕೈ

ಬೆಳಿಗ್ಗೆ ಹತ್ತು ಗಂಟೆಗೆ, ಸೆಮಿನರಿಯ ಪ್ರಾರ್ಥನಾಲಯದಲ್ಲಿ, ಪ್ರಾರ್ಥನೆಯಿಂದ ವಾಸಿಮಾಡುವ ಸ್ವಸ್ಥತೆಯ ಕೂಟ ನಡೆಸಲು ಬಂದಿದ್ದ ಅತಿಥಿ ಬೋಧಕರು ಅವಳನ್ನು ಮುಂದಕ್ಕೆ ಕರೆದು ಎರಡೂ ಊರುಗೋಲುಗಳನ್ನು ತೆಗೆದುಕೊಂಡರು. ಕೊನೆಯ ವರ್ಷದ ಆ ವಿದ್ಯಾರ್ಥಿನಿ ಬಲಿಪೀಠದ ಮುಂದಿನ ಮರದ ಕಟಕಟೆಯನ್ನು ಗಬಕ್ಕನೆ ಹಿಡಿದುಕೊಂಡಳು.

“ನೋಡಿ, ನಿಂತಿದ್ದಾಳೆ!” ಎಂದರು ಬೋಧಕರು.

“ಸ್ತೋತ್ರ! ಸ್ತೋತ್ರ!” ಸಭೆಗೆ ಸಭೆಯೇ ಎದ್ದು ನಿಂತಿತು. ಹುಟ್ಟಿನಿಂದ ಅವಳ ಬಲಗಾಲಿನಲ್ಲಿ ಕಸುವಿಲ್ಲ. ಎಡಗಾಲೊಂದೇ ಎಷ್ಟು ಹೊತ್ತು ತಡೆದೀತು?

ತಿಂಡಿಯ ಹೊತ್ತಿನಲ್ಲೇ ರೂಮಿನ ಗೆಳತಿ ಎಚ್ಚರಿಸಿದ್ದಳು: “ಮುಂದಿನ ಸಾಲಲ್ಲಿ ಕೂರಬೇಡ ಕಣೇ. ಆ ಮನುಷ್ಯನಿಗೆ ಊರುಗೋಲು ಕಂಡರೆ ಇರುವೆಗೆ ಸಕ್ಕರೆ ಕಂಡ ಹಾಗೆ.” ಆದರೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದ್ದವರು ಸ್ವತಃ ಪ್ರಾಂಶುಪಾಲರು. “ಆಡಳಿತ ಮಂಡಳಿಯವರು ಬರ್ತಾರಮ್ಮ. ನಿನ್ನ ಪಾದ್ರಿ ದೀಕ್ಷೆಯ ಶಿಫಾರಸಿಗೆ ಅವರೇ ಸಹಿ ಹಾಕೋದು. ಅವರ ಕಣ್ಣಿಗೆ ಬಿದ್ದರೆ ಒಳ್ಳೇದು.”

ಚಿಕ್ಕವಳಿದ್ದಾಗ ಇಂಥದೇ ಒಂದು ಕೂಟದಲ್ಲಿ ಅವಳು ಕೋಲು ಬಿಟ್ಟು ನಡೆಯಲು ಹೋಗಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. “ಹುಡುಗಿಗೆ ನಂಬಿಕೆ ಸಾಲದು” ಎಂದು ಯಾರೋ ತಲೆಯ ಮೇಲಿಂದಲೇ ಹೇಳಿದ್ದರು. ಸೊಂಟ ಕೂಡಿಕೊಂಡಿತು. ಆ ಮಾತಿನ ಗಾಯ ಇನ್ನೂ ಮಾಗಿರಲಿಲ್ಲ.

“ಅಯ್ಯಾ, ನನ್ನ ಕೋಲು...” ಎನ್ನುವಷ್ಟರಲ್ಲಿ ಗಾಯನ ತಂಡ ಹಾಡು ಎತ್ತಿಕೊಂಡಿತು. ಬೋಧಕರು ಅವಳ ಕಣ್ಣೀರು ಕಂಡು ತಲೆ ಸವರಿದರು. ಕೂಟ ಮುಗಿಯಿತು. ಎಲ್ಲರೂ ಕಣ್ಣೊರೆಸಿಕೊಳ್ಳುತ್ತ ವರಾಂಡಕ್ಕೆ ಚಹಾಕ್ಕೆ ಹೋದರು. ಯಾರೂ ಅವಳಿಗೆ ಕೈ ಕೊಡಲಿಲ್ಲ. ವಾಸಿಯಾದವಳಿಗೆ ಯಾರು ಕೈ ಕೊಡುತ್ತಾರೆ? ಹೊರಗೆ ಕಾರಿನ ಡಿಕ್ಕಿ ದಡಕ್ಕನೆ ಮುಚ್ಚಿತು. ಕಾರು ಹೊರಟಿತು.

ಪ್ರಾಂಶುಪಾಲರು ನಗುತ್ತ ಒಳಗೆ ಬಂದರು. “ಬಾಮ್ಮ, ನಿನ್ನ ಫೋಟೋ ಬೇಕಂತೆ.”

“ಸರ್, ನನ್ನ ಕೋಲು ಕೊಡಿ.”

“ಬೋಧಕರು ತಗೊಂಡು ಹೋದ್ರಲ್ಲ. ಮುಂದಿನ ಕೂಟದಲ್ಲಿ ಸಾಕ್ಷಿಗೆ ತೋರಿಸ್ತಾರಂತೆ. ಇನ್ನು ನಿನಗ್ಯಾಕೆ ಅವು?”

“ಕೈ ಬಿಟ್ಟರೆ ಬೀಳ್ತೀನಿ, ಸರ್.”

ಆಗ ಅವರು ಅವಳ ಕೈ ನೋಡಿದರು. ಬೆರಳ ಗೆಣ್ಣುಗಳು ಸುಣ್ಣದಂತೆ ಬಿಳಿಚಿಕೊಂಡಿದ್ದವು. ಅವರ ನಗು ಇಳಿಯಿತು. ತಾವೂ ಕಟಕಟೆಗೆ ಕೈ ಊರಿ ಬಾಗಿಲ ಕಡೆ ನೋಡಿದರು.

“ಮೆತ್ತಗೆ ಮಾತಾಡು, ತಾಯಿ. ಮಂಡಳಿಯವರು ಹೊರಗೇ ಇದ್ದಾರೆ. ಇಲ್ಲೇ ಹಿಂಬಾಗಿಲಿದೆ, ಆ ಕಡೆ ಯಾರೂ ಇಲ್ಲ. ನಾನೇ ಹಿಡ್ಕೊಂಡು ಕರ್ಕೊಂಡು ಹೋಗ್ತೀನಿ. ಮೈ ಹುಷಾರಿಲ್ಲ ಅಂತ ಹೇಳಿದರಾಯ್ತು. ಸಹಿ ಇವತ್ತೇ ಆಗುತ್ತೆ. ಬಾಯಿ ಮಾತ್ರ ಬಿಡಬೇಡ.”

ಅವರು ಕೈ ಚಾಚಿದರು. ಹಿಂಬಾಗಿಲು ಪಕ್ಕದಲ್ಲೇ ಇತ್ತು. ಮುಂಬಾಗಿಲು ಬೆಂಚುಗಳ ಸಾಲು ದಾಟಿ, ದೂರದಲ್ಲಿ, ಬೆಳಕಾಗಿ ಕಾಣುತ್ತಿತ್ತು.

ಕಟಕಟೆಯ ಕಂಬ ಹಿಡಿದು ಅವಳು ನಿಧಾನವಾಗಿ ನೆಲಕ್ಕೆ ಇಳಿದಳು. ಸೀರೆಯ ಸೆರಗು ಸಿಕ್ಕಿಸಿಕೊಂಡಳು. ಅಂಗೈ ಊರಿ, ಬಲಗಾಲನ್ನು ಎಳೆದುಕೊಂಡು, ಬೆಂಚುಗಳ ನಡುವೆ ತೆವಳತೊಡಗಿದಳು.

“ಆ ಕಡೆ ಅಲ್ಲಮ್ಮ!” ಪ್ರಾಂಶುಪಾಲರು ಪಿಸುಗುಟ್ಟಿದರು. “ದಮ್ಮಯ್ಯ, ಆ ಕಡೆ ಅಲ್ಲ!”

ಬೆವರಿದ ಅಂಗೈ ನುಣುಪು ನೆಲದ ಮೇಲೆ ಜಾರುತ್ತಿತ್ತು. ಪ್ರತಿ ಸಲವೂ ಸೆರಗಿಗೆ ಒರೆಸಿಕೊಂಡು ಮತ್ತೆ ಊರಿದಳು.

ಅವಳ ತಲೆ ಹೊಸ್ತಿಲಲ್ಲಿ ಕಂಡಾಗ ವರಾಂಡದಲ್ಲಿ ಕಪ್ಪುಗಳ ಸದ್ದು ನಿಂತಿತು. ಮಂಡಳಿಯ ಅಧ್ಯಕ್ಷರು ಹಿಂದೆ ಸರಿದು ದಾರಿ ಬಿಟ್ಟರು.